ಹೆಬ್ಬಾಗಿಲಲ್ಲೇ ನಿಂತ ರಾಣಿ

ಓದಿದವರೆನಿಸಿಕೊಂಡವರಿಗೆ ಒಂದು ಸೌಕರ್ಯವಿದೆ. ಒಂದು ಪುಸ್ತಕದ ಬಗ್ಗೆ ನಾಲ್ಕು ವರ್ಷ ಮಾತಾಡಿಬಿಟ್ಟರೆ, ಅದನ್ನು ಪೂರ್ತಿ ಓದಿದ್ದೀರಾ ಎಂದು ಆಮೇಲೆ ಯಾರೂ ಕೇಳುವುದಿಲ್ಲ. ಈ ಸೌಕರ್ಯವನ್ನು ನಾನು ಧಾರಾಳವಾಗಿ ಅನುಭವಿಸಿದವನು. ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನ ನಮ್ಮ ಕನ್ನಡ ವಿಭಾಗದಲ್ಲಿ ಮಧ್ಯಕಾಲೀನ ಸಾಹಿತ್ಯದ ಅಧ್ಯಯನ ಕೂಟವೊಂದಿತ್ತು. ನಾನು ಅದರ ಕಾರ್ಯದರ್ಶಿ. ಶನಿವಾರ ಮಧ್ಯಾಹ್ನ ಹತ್ತು ಹನ್ನೆರಡು ಜನ ಸೇರುತ್ತಿದ್ದೆವು. ಒಬ್ಬರು ಪದ್ಯ ಓದಬೇಕು. ಯಾರಿಗಾದರೂ ಸಂಶಯ ಬಂದರೆ ಅದು ತೀರುವ ತನಕ ಮುಂದಿನ ಪದ್ಯಕ್ಕೆ ಹೋಗಕೂಡದು. ಈ ನಿಯಮ ಮಾಡಿದವನೂ ನಾನೇ, ಸಂಶಯ ಪಡುವುದರಲ್ಲಿ ಮುಂದಿದ್ದವನೂ ನಾನೇ. ಹೀಗಾಗಿ, ನಾವು ಕೈಗೆತ್ತಿಕೊಂಡ ಸಾಂಗತ್ಯ ಕಾವ್ಯದಲ್ಲಿ ರಾಣಿಯೊಬ್ಬಳು ಸುಳ್ಳು ಅಪವಾದ ಹೊತ್ತು ಅರಮನೆ ಬಿಟ್ಟು ಹೊರಟು ಮೂರು ತಿಂಗಳಾಗಿದ್ದರೂ ಹೆಬ್ಬಾಗಿಲು ದಾಟಿರಲಿಲ್ಲ. ಅವಳು ಇಳಿದ ಮೆಟ್ಟಿಲು ಎಷ್ಟಿದ್ದಿರಬಹುದು ಎಂಬುದಕ್ಕೇ ಎರಡು ಶನಿವಾರ ಹೋಗಿತ್ತು. ಬೋಂಡ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಈ ಸುಖಕ್ಕೆ ಅಡ್ಡ ಬಂದವರು ನಮ್ಮತ್ತೆ. ನನ್ನ ಹೆಂಡತಿ ಒಬ್ಬಳೇ ಮಗಳಾದ್ದರಿಂದ ಅವರು ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದು ವಿದ್ಯಾರಣ್ಯಪುರಂನ ನಮ್ಮ ಮನೆಯಲ್ಲೇ ಇದ್ದರು. ಓದು ಬರಹ ಬಾರದು. ಒಂದು ದಿನ ನಾನು ಶನಿವಾರದ ಪದ್ಯವನ್ನು ರಾಗವಾಗಿ ಓದಿಕೊಳ್ಳುತ್ತಿದ್ದಾಗ, ಅವರೆಕಾಯಿ ಸುಲಿಯುತ್ತಿದ್ದವರು ಮೊರ ಬದಿಗಿಟ್ಟು ಬಂದು ನಿಂತರು. ಅವರಿಗೆ ಒಂಬತ್ತು ವರ್ಷವಿದ್ದಾಗ ಅವರ ತಂದೆ ಶ್ರಾವಣದಲ್ಲಿ ಜಗಲಿಯ ಮೇಲೆ ಕೂತು ಇದೇ ಕಥೆ ಓದುತ್ತಿದ್ದರಂತೆ. ರಾಣಿ ಕಾಡು ಸೇರಿದ ಭಾಗ ಓದಿ ಮಲಗಿದವರು ಜ್ವರ ಹಿಡಿದು ಮತ್ತೆ ಏಳಲಿಲ್ಲವಂತೆ. ಪುಸ್ತಕ ಯಾರದೋ ಮನೆ ಸೇರಿತು. ಅರವತ್ತು ವರ್ಷದಿಂದ ನಮ್ಮತ್ತೆಯ ಪಾಲಿಗೆ ಆ ರಾಣಿ ಕಾಡಿನಲ್ಲೇ ಇದ್ದಳು. ಮುಂದೇನಾಯಿತು ಎಂದು ನನ್ನನ್ನು ಕೇಳಿದರು. ಕೂಟಕ್ಕೆ ಬನ್ನಿ, ತಾನಾಗಿ ಗೊತ್ತಾಗುತ್ತದೆ ಎಂದು ನಾನು ಬಹಳ ಗಂಭೀರವಾಗಿ ಹೇಳಿದೆ. ಅಷ್ಟು ಗಂಭೀರವಾಗಿ ಏಕೆ ಹೇಳಿದೆನೆಂಬುದು ನನಗೊಬ್ಬನಿಗೇ ಗೊತ್ತಿತ್ತು.

ಅತ್ತೆ ಐದು ಶನಿವಾರ ಬಂದರು. ಮಡಿಸಿಟ್ಟ ಒಳ್ಳೆಯ ಸೀರೆ ಉಟ್ಟು, ಬಸ್ಸಿನಲ್ಲಿ ನನಗೂ ಸೀಟು ಹಿಡಿದು, ಕೂಟದಲ್ಲಿ ಚಾಮುಂಡಿ ಬೆಟ್ಟ ಕಾಣುವ ಕಿಟಕಿಯ ಪಕ್ಕ ಕೂರುತ್ತಿದ್ದರು. ಪದ್ಯ ಓದುವಾಗ ಕಣ್ಣರಳಿಸಿ ಕೇಳುವರು. ಚರ್ಚೆ ಶುರುವಾಯಿತೋ, ಚೀಲದಿಂದ ಹತ್ತಿ ತೆಗೆದು ಬತ್ತಿ ಹೊಸೆಯುವರು. ಐದು ವಾರದಲ್ಲಿ ದೀಪಾವಳಿಗೆ ಸಾಕಾಗಿ ಕಾರ್ತಿಕಕ್ಕೂ ಉಳಿಯುವಷ್ಟು ಬತ್ತಿಯಾಯಿತು. ರಾಣಿ ಹೆಬ್ಬಾಗಿಲಲ್ಲೇ ಇದ್ದಳು. ಆರನೆಯ ಶನಿವಾರ ಬೋಂಡದ ಹೊತ್ತಿಗೆ ಅವರು ಎದ್ದು ನಿಂತು, "ಅಲ್ಲ ಕಣ್ರಪ್ಪಾ, ಕೊನೇಗೆ ಆಯಮ್ಮ ಮನೆ ಸೇರುದ್ಲೋ ಇಲ್ವೋ, ಅದೊಂದ ಯೋಳ್ಬುಡಿ" ಎಂದರು.

ಕೂಟದ ಅಧ್ಯಕ್ಷರಾದ ಮಹದೇವಪ್ಪ ಮೇಷ್ಟ್ರು ನಾಗರತ್ನ ಮೇಡಂ ಕಡೆ ನೋಡಿದರು. ಮೇಡಂ ಈ ಕಾವ್ಯದ ಮೇಲೇ ಪಿಎಚ್.ಡಿ. ಮಾಡಿದವರು; ಆದರೆ ಅವರದು ನಗರವರ್ಣನೆ, ಅದು ಎರಡನೆಯ ಸಂಧಿಗೇ ಮುಗಿಯುತ್ತದೆ. ಮೇಷ್ಟ್ರು ಬರೆದದ್ದು ವಸಂತದ ಮೇಲೆ. ಒಬ್ಬೊಬ್ಬರದೂ ಒಂದೊಂದು ಸಂಧಿ. ಕೊನೆಯದು ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಮೊದಲೇ ಹೇಳಿಬಿಟ್ಟರೆ ರಸಭಂಗವಾಗುತ್ತದೆ ಎಂದೆ. ಬಾಡಿದ ಬದನೆಕಾಯನ್ನು ಈಗತಾನೆ ಕಿತ್ತದ್ದು ಅನ್ನುವ ತರಕಾರಿಯವನನ್ನು ನೋಡುವ ಹಾಗೆ ಅತ್ತೆ ನನ್ನನ್ನು ನೋಡಿದರು. ಬಸ್ಸಿನಲ್ಲಿ ಒಂದೇ ಮಾತು: "ನೀವೂ ಓದಿಲ್ವಾ, ಅಳಿಯಂದ್ರೇ?"

ನನಗೆ ನಿಜಕ್ಕೂ ನಾಚಿಕೆಯಾಯಿತು. ಭಾನುವಾರ ಬೆಳಗ್ಗೆ ಅಡುಗೆಮನೆಯ ನೆಲದ ಮೇಲೆ ಅತ್ತೆಯ ಎದುರು ಕೂತು, ರಾಣಿ ಕಾಡು ಸೇರಿದಲ್ಲಿಂದ ಒಂದೇ ಸಮನೆ ಓದಿದೆ. ಹದಿನಾಲ್ಕು ಕಡೆ ಸಂಶಯ ಬಂತು, ಅಷ್ಟನ್ನೂ ನುಂಗಿಕೊಂಡೆ. ಊಟದ ಹೊತ್ತಿಗೆ ರಾಣಿ ಮನೆ ಸೇರಿದಳು. ಸೇರಿದ್ದು ಗಂಡನ ಅರಮನೆಯನ್ನಲ್ಲ, ತವರನ್ನು. ಬಾಗಿಲಲ್ಲಿ ಅವಳ ತಂದೆ ಕಾಯುತ್ತ ನಿಂತಿದ್ದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಮ್ಮಪ್ಪ ಇದ್ನ ಓದ್ದೆ ಓಗ್ಬುಟ್ರಲ್ಲ" ಎಂದರು. ನನ್ನ ಕಣ್ಣೂ ಒದ್ದೆಯಾಯಿತು. ಆ ಕಾವ್ಯದ ಕರುಣರಸದ ಮೇಲೆ ನಾನು ಎರಡು ಉಪನ್ಯಾಸ ಕೊಟ್ಟಿದ್ದೆ. ಅತ್ತದ್ದು ಅದೇ ಮೊದಲು.

ಮುಂದಿನ ಶನಿವಾರ ಅತ್ತೆ ಬರಲಿಲ್ಲ, ಅವರ ಕೆಲಸ ಆಗಿತ್ತು. ನಾನು ಕೂಟದಲ್ಲಿ ಕಥೆಯ ಕೊನೆಯನ್ನು ಹೆಮ್ಮೆಯಿಂದ ಹೇಳಿದೆ. ಎಲ್ಲರಿಗೂ ಸಂತೋಷವಾಯಿತು. ಅಷ್ಟರಲ್ಲಿ ಒಬ್ಬರಿಗೆ, ಕೊನೆಯ ಸಂಧಿಯ ಶೈಲಿ ಬೇರೆಯಾಗಿದೆಯಲ್ಲ, ಅದು ಆ ಕವಿಯದೇ ಅಲ್ಲ, ಆಮೇಲೆ ಯಾರೋ ಸೇರಿಸಿದ್ದು, ತೆಗೆದುಹಾಕಬೇಕು ಎಂಬ ಸಂಶಯ ಬಂತು. ಆ ಒಬ್ಬರು ಬೇರೆ ಯಾರೋ ಎಂದು ಹೇಳುವ ಆಸೆ ನನಗೂ ಇದೆ. ಸಂಜೆ ಕಾಫಿ ಕುಡಿಯುತ್ತ ಇದನ್ನು ಅತ್ತೆಯ ಮುಂದೆಯೂ ಹೇಳಿದೆ. ಅವರು ಲೋಟ ಕೆಳಗಿಟ್ಟರು. "ಆಯಮ್ಮ ಈಗ್ತಾನೆ ಮನೆ ಸೇರವ್ಳೆ. ದಮ್ಮಯ್ಯ, ಮತ್ತೆ ಕಾಡಿಗೆ ಅಟ್ಬ್ಯಾಡಿ."

ಕೂಟದ ನಡಾವಳಿ ಪುಸ್ತಕದಲ್ಲಿ ನಾನು ಸಂಶಯವನ್ನು ಹಿಂದಕ್ಕೆ ಪಡೆದುದಾಗಿ ಬರೆದೆ. ನಮ್ಮ ಕೂಟದ ಚರಿತ್ರೆಯಲ್ಲೇ ಹಾಗೆ ಆದದ್ದು ಮೊದಲ ಸಲ. ಮುಂದಿನ ಶನಿವಾರ ಓದುವ ಸರದಿ ನನ್ನದೇ. ರಾಣಿ ಹೆಬ್ಬಾಗಿಲು ದಾಟಲು ಬಲಗಾಲು ಎತ್ತಿದ್ದಳು. ಬಲಗಾಲೇ ಯಾಕೆ ಎಂದು ನನಗೊಂದು ಸಣ್ಣ ಸಂಶಯ ಬಂತು.