ಕೋದಂಡರಾಮಪ್ಪನ ಐದು ನಿಮಿಷ

ಚುಕ್ಕೆ ಇದ್ದದ್ದು ಹನ್ನೆರಡರ ಪಕ್ಕದಲ್ಲಿ, ವಾಚಿನ ಗಾಜಿನ ಒಳಗೆ. ರಾಗಿ ಕಾಳಿನ ಕಾಲು ಭಾಗವೂ ಇರಲಿಲ್ಲ. ಆದರೆ ಕೋದಂಡರಾಮಪ್ಪನ ಕಣ್ಣಿಗೆ ಅದು ಟೇಕಲ್ ಬೆಟ್ಟದಷ್ಟು ಕಾಣುತ್ತಿತ್ತು.

ನಲವತ್ತೆರಡನೆಯ ಇಸವಿ. ಯುದ್ಧದವರಿಗೆ ಪ್ಯಾರಾಚೂಟು ಹೊಲಿಯಲು ರೇಷ್ಮೆ ಬೇಕಾಗಿ, ಗೂಡಿಗೆ ಕಂಡುಕೇಳದ ಬೆಲೆ ಬಂದಿತ್ತು. ಹಿಪ್ಪುನೇರಳೆ ತೋಟದ ಕೋದಂಡರಾಮಪ್ಪ ಬೆಂಗಳೂರಿನ ದಂಡು ಪ್ರದೇಶಕ್ಕೆ ಹೋಗಿ, ಕೋಟು ತೊಟ್ಟ ಅಂಗಡಿಯವನ ಎದುರು ಕಾಲ ಮೇಲೆ ಕಾಲು ಹಾಕಿ ಕೂತು, ಚಿನ್ನದ ಕವಚದ ಸ್ವಿಸ್ ವಾಚು ಕೊಂಡು ತಂದ. ಮೂರನೆಯ ದಿನ ಚುಕ್ಕೆ ಕಂಡಿತು. ಐದನೆಯ ದಿನ, ಏಳರ ಅಂಕಿ ಹೆಂಡ ಕುಡಿದವನ ಹಾಗೆ ಒಂಚೂರು ವಾಲಿರುವುದು ಕಂಡಿತು. ಆಮೇಲೆ, ವಾಚು ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತದೆಂಬುದೂ ತಿಳಿಯಿತು. ಅಲ್ಲಿಂದ ಅವನಿಗೆ ಅನ್ನ ರುಚಿಸಲಿಲ್ಲ. ಗಂಟೆ ಎಷ್ಟೆಂದು ಕೇಳಿದವರಿಗೆ ಗಂಟೆ ಬಿಟ್ಟು ಮಿಕ್ಕಿದ್ದನ್ನೆಲ್ಲ ಹೇಳುತ್ತಿದ್ದ. ಅವನು ಬರುವುದು ಕಂಡರೆ ಜನ ಬೇರೆ ದಾರಿ ಹಿಡಿಯತೊಡಗಿದರು.

ಅಂಗಡಿಗೆ ಕಾಗದ ಬರೆಸಿದ. ಜವಾಬು ಬಂತು. ಚುಕ್ಕೆಯೂ ದೋಷವಲ್ಲ, ಅಂಕಿ ವಾಲಿದ್ದೂ ದೋಷವಲ್ಲ. ದಿನಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ, ಸ್ಟೇಷನ್ ಮಾಸ್ಟರ ರುಜುವಿನೊಡನೆ ಕೊಂಡ ತಿಂಗಳೊಳಗೆ ತಂದರೆ, ಹೊಸ ವಾಚು ಕೊಡುತ್ತೇವೆ. ಕಾಗದ ಕೈಸೇರಿದಾಗ ತಿಂಗಳ ಗಡುವಿಗೆ ಉಳಿದದ್ದು ಎರಡೇ ದಿನ.

ಆಗಸ್ಟ್ ಮೂವತ್ತೊಂದು, ಸೋಮವಾರ ಬೆಳಗ್ಗೆ ಒಂಬತ್ತಕ್ಕೆ, ಟೇಕಲ್ ಸ್ಟೇಷನ್ ಮಾಸ್ಟರು ತಮ್ಮ ಗೋಡೆ ಗಡಿಯಾರಕ್ಕೆ ಸರಿಯಾಗಿ ವಾಚಿನ ಮುಳ್ಳು ಕೂಡಿಸಿ, ನಾಳೆ ಇದೇ ಹೊತ್ತಿಗೆ ಬರಬೇಕೆಂದೂ, ಅಲ್ಲಿಯವರೆಗೆ ಮುಳ್ಳು ಮುಟ್ಟುವುದಿಲ್ಲವೆಂದು ಪ್ರಮಾಣ ಮಾಡಬೇಕೆಂದೂ ಹೇಳಿದರು. ಕೋದಂಡರಾಮಪ್ಪ ಕಣ್ಣು ಮುಚ್ಚಿ ಪ್ರಮಾಣ ಮಾಡಿದ. ಮಾತಿಗೆ ತಪ್ಪುವ ಆಸಾಮಿ ಅವನಲ್ಲ.

ಮಧ್ಯಾಹ್ನ ವಾಚನ್ನು ಕಿಟಕಿಯಲ್ಲಿಟ್ಟು ಮುದ್ದೆಯ ಮುಂದೆ ಕೂತಾಗ ಹೆಂಡತಿ ಅನಸೂಯಮ್ಮ ಕೇಳಿದಳು, "ಐದು ದಾಟಿದ್ರೆ ಸಾಕು ತಾನೇ?"

"ನಾನು ಮುಟ್ಟಲ್ಲ ಅಂತ ಪ್ರಮಾಣ ಮಾಡಿದೀನಿ ಕಣೇ."

"ನಾನೇನು ಮಾಡಿಲ್ವಲ್ಲ."

ಅವಳು ಕಿಟಕಿಯ ಕಡೆಗೆ ಹೋದಳು. ಕೋದಂಡರಾಮಪ್ಪ ಸಾರಿನೊಳಗೆ ಏನೋ ಕಳೆದುಕೊಂಡವನ ಹಾಗೆ ತಟ್ಟೆಗೆ ಬಗ್ಗಿದ. ಮುಳ್ಳು ಆರು ನಿಮಿಷ ಮುಂದೆ ಹೋಯಿತು.

ಮೂರು ಗಂಟೆಗೆ ಪಕ್ಕದ ತೋಟದ ಮುನಿಯಲ್ಲಪ್ಪ ಬಂದು, ಎಷ್ಟು ತಿರುಗಿಸಿದ್ದೀರೆಂದು ವಿಚಾರಿಸಿದ. ಆರು ಎಂದು ಕೇಳಿ ಅವನಿಗೆ ಅಯ್ಯೋ ಅನ್ನಿಸಿತು.

"ಲೇ, ಗೂಡು ಮಾರೋವಾಗ ಕೊಡೋ ಬೆಲೇನೇ ಮೊದ್ಲು ಹೇಳ್ತೀಯೇನ್ಲಾ? ಬೆಂಗಳೂರೋರು ಚೌಕಾಸಿ ಮಾಡ್ದೆ ಬಿಡ್ತಾರಾ? ಇಪ್ಪತ್ತು ಸೇರ್ಸಿದ್ರೆ, ಎಳೆದಾಡಿ ಹತ್ತಕ್ಕಾದ್ರೂ ನಿಲ್ತಾರೆ."

ಕೋದಂಡರಾಮಪ್ಪ ತಿರುಗಿ ನಿಂತು, ಇದೇ ಮೊದಲು ನೋಡುತ್ತಿರುವವನಂತೆ ಹಿಪ್ಪುನೇರಳೆ ಎಲೆಯೊಂದನ್ನು ನೋಡತೊಡಗಿದ. ಇಪ್ಪತ್ತು ಸೇರಿತು.

ದೀಪ ಹಚ್ಚುವ ಹೊತ್ತಿಗೆ ಮುನಿಯಲ್ಲಪ್ಪನ ತಾಯಿ ದೊಡ್ಡಗಂಗಮ್ಮ ಮಜ್ಜಿಗೆಗೆ ಬಂದಳು. ಅವಳಿಗೆ ಅಂಕಿ ಬಾರದು. ಆದರೆ ಕೋದಂಡರಾಮಪ್ಪನನ್ನು ಎತ್ತಿ ಆಡಿಸಿದವಳು. ಅವನು ಹುಳುಗಳಿಗೆ ಸೊಪ್ಪು ಹಾಕಿ ಬರುವುದರೊಳಗೆ, ಮೇಲಕ್ಕೆ ನೋಡುತ್ತಿದ್ದ ದೊಡ್ಡ ಮುಳ್ಳನ್ನು ಕೆಳಕ್ಕೆ ನೋಡುವ ಹಾಗೆ ಮಾಡಿ ಕೂತಿದ್ದಳು.

"ತಿಂಗ್ಳಿಂದ ಅರ್ಧ ಊರಿಗೆ ನಿದ್ದೆ ಇಲ್ಲ ನಾಯನಾ. ಇವತ್ಗೆ ಮುಗೀಲಿ ಅಂತ ನಾನೂ ಒಂದು ಕೈ ಹಾಕ್ದೆ."

ಆರು, ಇಪ್ಪತ್ತು, ಮೂವತ್ತು. ವಾಚಿನ ಸ್ವಂತ ದುಡಿಮೆ ನಾಲ್ಕು. ಬೆಳಗಾಗುವುದರೊಳಗೆ ಇಡೀ ಒಂದು ಗಂಟೆ. ಇಷ್ಟಾದರೆ ಯಾರು ನಂಬುತ್ತಾರೆಂದು ಕೋದಂಡರಾಮಪ್ಪನಿಗೆ ಬೆವರು ಬಂತು. ಹಿಂದಕ್ಕೆ ತಿರುಗಿಸೋಣವೆಂದರೆ ಪ್ರಮಾಣ ಅಡ್ಡ ಬಂತು. ಹಿಂದಕ್ಕೆ ತಿರುಗಿಸಿದರೆ ಮುಳ್ಳು ಮುರಿದೀತೆಂದು ಅನಸೂಯಮ್ಮ ಒಲ್ಲೆನೆಂದುಬಿಟ್ಟಳು. ಇರಲಿ, ಜಾಸ್ತಿ ಕೆಟ್ಟಷ್ಟೂ ಒಳ್ಳೆಯದೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಮಂಗಳವಾರ ಬೆಳಗ್ಗೆ ನಾಲ್ವರೂ ಒಂದೇ ಗಾಡಿಯಲ್ಲಿ ಸ್ಟೇಷನ್ನಿಗೆ ಬಂದರು. ಬೆಂಗಳೂರಿಗೆ ಹೊರಡಲು ಕೋದಂಡರಾಮಪ್ಪ ಒಗೆದು ಮಡಿಸಿಟ್ಟ ಪಂಚೆ ಉಟ್ಟಿದ್ದ. ಮಾಸ್ಟರು ವಾಚನ್ನು ಗೋಡೆ ಗಡಿಯಾರದ ಕೆಳಗೆ ಹಿಡಿದರು. ವಾಚಿನಲ್ಲಿ ಹತ್ತು. ಗೋಡೆಯಲ್ಲೂ ಹತ್ತು.

ಕೋದಂಡರಾಮಪ್ಪ ಹೊರಗೆ ಹೋಗಿ ಬಿಸಿಲು ನೋಡಿ ಬಂದ. ಒಂಬತ್ತರ ಬಿಸಿಲೇ.

"ಭೇಷ್," ಎಂದರು ಮಾಸ್ಟರು. "ಯುದ್ಧದ ಸಲುವಾಗಿ ಇವತ್ತಿಂದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ಇಡಬೇಕು ಅಂತ ಆಜ್ಞೆ ಬಂದಿದೆ. ಬೆಳಗ್ಗೆಯಿಂದ ಬಂದವರಿಗೆಲ್ಲ ಹೇಳಿ ಹೇಳಿ ಗಂಟಲು ಒಣಗಿತು. ನಿಮ್ಮೂರಲ್ಲಿ ಇದನ್ನ ತಿಳ್ಕೊಂಡು ಸರಿಯಾಗಿ ತಿರುಗಿಸಿದವರು ಯಾರು?"

ಯಾರೂ ಅಲ್ಲ, ವಾಚೇ ಹಾಗೆ ಓಡಿದ್ದು ಎನ್ನಲು ಕೋದಂಡರಾಮಪ್ಪ ಬಾಯಿ ತೆರೆದ. ಅಷ್ಟರಲ್ಲಿ ದೊಡ್ಡಗಂಗಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಅರ್ಧ ನಾನೇ ತಿರುಗ್ಸಿದ್ದು ಸ್ವಾಮಿ. ಮಿಕ್ಕಿದ್ದು ನನ್ನ ಮಗ, ಮತ್ತೆ ಈ ಹುಡುಗಿ. ಇವನು ಮಾತ್ರ ಪಾಪ, ಮುಟ್ಟಲೇ ಇಲ್ಲ."

ಮಾಸ್ಟರಿಗೆ ಬಹಳ ಸಂತೋಷವಾಯಿತು. ತಿರುಗಿಸಿದ ಗಂಟೆಯನ್ನು ಕಳೆದು, ಈ ವಾಚಿನಲ್ಲಿ ಇಪ್ಪತ್ತನಾಲ್ಕು ಗಂಟೆಗೆ ಒಂದು ನಿಮಿಷದ ವ್ಯತ್ಯಾಸವೂ ಇಲ್ಲವೆಂದು ಗುಂಡಗೆ ಬರೆದು ರುಜು ಹಾಕಿದರು.

ಬೆಂಗಳೂರಿನ ರೈಲು ಕೂಗುವುದು ಕೇಳಿಸಿತು. ಕೋದಂಡರಾಮಪ್ಪ ಮೇಜಿನ ಅಂಚು ಹಿಡಿದುಕೊಂಡ.

"ಸ್ವಾಮಿ, ಐದು ಬ್ಯಾಡ. ನನ್ನವೇ ನಾಲ್ಕು ನಿಮಿಷ ಇದ್ವು. ಅಷ್ಟಾದ್ರೂ ಬರೀರಿ."

"ಕಾಣದ್ದನ್ನ ಹೆಂಗೆ ಬರೀಲಿ?" ಎಂದು ಮಾಸ್ಟರು ಮೊಹರು ಒತ್ತಿ, ಹಸಿರು ಬಾವುಟ ತೆಗೆದುಕೊಂಡು ಹೊರಗೆ ಹೋದರು.