ತಕರಾರಿಗೊಂದು ಆಮಂತ್ರಣ

ವಾರಸಾ ಪ್ರಮಾಣಪತ್ರ ತೆಗೆಸುವುದೇನು ಮಹಾ ಕೆಲಸ? ಅರ್ಜಿ ಕೊಟ್ಟರಾಯಿತು, ಪತ್ರ ತಂದರಾಯಿತು! ಹೀಗೆ ತಿಳಿದೇ ನಾನು ಶರಣಮ್ಮ ಕಾಕಿಯ ಕೆಲಸವನ್ನು ಮೈಮೇಲೆ ಹಾಕಿಕೊಂಡೆ. ಕಾಕಾ ತೀರಿಕೊಂಡಿದ್ದರು. ಮಕ್ಕಳಿಲ್ಲ. ಬ್ಯಾಂಕಿನ ಠೇವಣಿಗೆ ನಾಮಿನಿ ಹೆಸರು ಹಾಕಿರಲಿಲ್ಲ. ಕೋರ್ಟಿನ ಪತ್ರವಿಲ್ಲದೆ ಬ್ಯಾಂಕಿನವರು ದುಡ್ಡು ಕೊಡುವುದಿಲ್ಲ, ದುಡ್ಡಿಲ್ಲದೆ ಕಾಕಿಯ ಕಣ್ಣಿನ ಆಪರೇಷನ್ ಆಗುವುದಿಲ್ಲ.

ಶಹಾಪುರದ ವಕೀಲರು ಅರ್ಜಿ ಹಾಕಿದರು. ತಕರಾರು ಇದ್ದವರು ಇಂಥ ದಿನ ಕೋರ್ಟಿಗೆ ಹಾಜರಾಗಬೇಕು ಎಂಬ ಪ್ರಕಟಣೆ ಪತ್ರಿಕೆಯಲ್ಲಿ ಬಂತು. ಅದೂ ಒಂದು ಮೂಲೆಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ! ಇದನ್ನು ಯಾರು ಓದುತ್ತಾರೆ? ನಮ್ಮ ಬಳಗದಲ್ಲಿ ಯಾವ ಕಾರ್ಯವಾದರೂ ಮನೆಮನೆಗೆ ಹೋಗಿ ಹೇಳಿ ಬರುವ ಹೊಣೆ ನನ್ನದು. ಕೂಡಲೇ ಪ್ರಕಟಣೆಯ ಜೆರಾಕ್ಸ್ ಮಾಡಿಸಿದೆ.

"ಅಲ್ರೀ, ಇದನ್ನೂ ಹಂಚತೀರೇನು?" ಎಂದಳು ಹೆಂಡತಿ.

"ಕಾಯ್ದೆ ಪ್ರಕಾರ ಎಲ್ಲಾರಿಗೂ ಗೊತ್ತಾಗಬೇಕು. ನಿನಗೇನ್ ತಿಳೀತೈತಿ?" ಎಂದು ಬೈಕ್ ಹತ್ತಿದೆ.

ಸುರಪುರ, ಸೈದಾಪುರ, ಗುರುಮಠಕಲ್, ಒಂದು ಊರು ಬಿಡಲಿಲ್ಲ. ಪ್ರತಿ ಮನೆಯಲ್ಲೂ ಕಾಗದ ಕೈಗಿಟ್ಟು, ಚಹಾ ಕುಡಿದು, ಏಳುವಾಗ ರೂಢಿಯಂತೆ "ತಪ್ಪಸಬ್ಯಾಡ್ರಿ, ಮನಿಮಂದಿ ಎಲ್ಲಾ ಬರ್ರಿ" ಎಂದು ಕೈಮುಗಿದೆ.

ಬಂದರು! ಟಂಟಂ ಗಾಡಿ ಮಾಡಿಕೊಂಡು, ಬುತ್ತಿ ಕಟ್ಟಿಕೊಂಡು, ಕೂಸು ಮುದುಕರ ಸಮೇತ ಬಂದರು. ಕೋರ್ಟಿನ ಅಂಗಳದ ಬೇವಿನ ಗಿಡದ ಕೆಳಗೆ ಚಾಪೆ ಹಾಸಿ ಕೂತರು. ವಕೀಲರು ಕಂಗಾಲಾದರು.

"ಯಾರ್ರೀ ಇವರೆಲ್ಲಾ?"

"ನಮ್ಮ ಬಳಗ್ರೀ. ನಾನೇ ಕರದೀನಿ."

"ತಕರಾರಿಗೆ ಯಾರೂ ಬರಬಾರದು ಅಂತ ಮಂದಿ ದೇವರಿಗೆ ಕೈ ಮುಗೀತಾರ. ನೀವು ಮನಿಗೆ ಹೋಗಿ ಕರದ ಬಂದೀರಲ್ರೀ!"

ಒಳಗೆ ನ್ಯಾಯಾಧೀಶರು, ಯಾರದಾದರೂ ತಕರಾರು ಇದೆಯೇ ಎಂದು ಕೇಳಿದರು. ಕಾಕಾನ ಅಣ್ಣ, ಸುರಪುರದ ಬಸಪ್ಪ ದೊಡ್ಡಪ್ಪ ಎದ್ದು ನಿಂತು ನನ್ನ ಕಡೆ ಬೆರಳು ಮಾಡಿದರು.

"ಐತ್ರಿ ಸಾಹೇಬ್ರ! ಬಳಗದ ಕಾರ್ಯಕ್ಕೆಲ್ಲಾ ಮನಿಗೆ ಬರಾಂವ ಇಂವ, ತನ್ನ ಮಗಳ ಮದುವಿ ಕಾರ್ಡ್ ನನಗ ಮೊಬೈಲಿಗೆ ಕಳಸ್ಯಾನ. ಕೋರ್ಟಿನ ಕಾಗದ ಮಾತ್ರ ಮನಿತನಕ ತಂದು ಕೊಟ್ಟಾನ! ಇದು ನ್ಯಾಯ ಏನ್ರಿ?"

ಎಲ್ಲರೂ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ತಕರಾರು ಏನಿದ್ದರೂ ಬರೆದು ಕೊಡಿ ಎಂದು ಮುಂದಿನ ತಾರೀಖು ಕೊಟ್ಟರು.

ಹೊರಗೆ ಬಂದಾಗ ಕಾಕಿಯ ಎದುರು ನಿಲ್ಲಲು ನನಗೆ ಮುಖವಿರಲಿಲ್ಲ. ಅವಳು ನನ್ನ ತೋಳು ತಡವಿ ಹಿಡಿದಳು. "ಯಾರ್‍ಯಾರು ಬಂದಾರ ಹೇಳೋ ತಮ್ಮಾ. ದನಿ ಕೇಳ್ತಾವ, ಮಾರಿ ಕಾಣವಲ್ದು." ದೊಡ್ಡಪ್ಪನ ಸಿಟ್ಟು ಅಲ್ಲಿಗೇ ಇಳಿಯಿತು.

"ಶರಣಮ್ಮಾ, ನಿನಗ ಕೊಡಾಕ ನಂದೇನ್ ತಕರಾರು? ನಂದೇನಿದ್ರೂ ಇವನ ಮ್ಯಾಲ!" ಎಂದರು.

ಮುಂದಿನ ತಾರೀಖಿಗೆ ಅವರೇ ಕಾಕಿಯ ಕೈಹಿಡಿದು ಕರೆದೊಯ್ದು, ತಕರಾರಿಲ್ಲ ಎಂದು ಬರೆದುಕೊಟ್ಟರು. ಪತ್ರ ಕೈಗೆ ಬಂತು, ಆಪರೇಷನ್ನೂ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಕಾಕಿ ನನ್ನ ಮುಖ ನೋಡಿ, "ಭಾಳ ಓಡಾಡಿದಿ ತಮ್ಮಾ, ನನ್ನ ಸಲುವಾಗಿ" ಎಂದಳು.

ಓಡಾಡಿದ್ದೇನೋ ನಿಜ. ಎರಡನೆಯ ತಾರೀಖಿನ ದಿನ ವಕೀಲರ ಕಟ್ಟಪ್ಪಣೆಯಂತೆ ನಾನು ಮನೆ ಬಿಟ್ಟು ಕದಲಿರಲಿಲ್ಲ. ಈ ಇಡೀ ಪ್ರಕರಣದಲ್ಲಿ ನನ್ನಿಂದಾದ ಸಹಾಯ ಅದೊಂದೇ!