ನೀರು ಎಲ್ಲಿ ತನಕ ಬಂದಿತ್ತು?

ನನಗೆ ಅನುಮಾನದ ಕಾಯಿಲೆ ಇದೆ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಯಾಕೆ ಹಾಗೆ ಹೇಳುತ್ತಾಳೋ, ಅದೂ ನನಗೆ ಅನುಮಾನವೇ. ಹಾಲಿನವನು ನಗುತ್ತಾ ಬಂದರೆ ಇವತ್ತು ನೀರು ಜಾಸ್ತಿ ಬೆರೆಸಿದ್ದಾನೆ ಅಂದುಕೊಳ್ಳುತ್ತೇನೆ. ಮುಖ ಗಂಟು ಹಾಕಿಕೊಂಡು ಬಂದರೆ, ಬೆರೆಸಿದ್ದನ್ನು ಮುಚ್ಚಿಡುವ ನಾಟಕ ಅಂದುಕೊಳ್ಳುತ್ತೇನೆ. ಇಂಥವನು ತೊಂಬತ್ತರ ದಶಕದ ಕೊನೆಯಲ್ಲಿ ಗುಬ್ಬಿಯಲ್ಲಿ ಸರ್ವೆ ಕೆಲಸದಲ್ಲಿದ್ದಾಗ ಸಾಹೇಬರು ಒಂದು ಕೆಲಸ ಒಪ್ಪಿಸಿದರು. ಕೆರೆ ಕೋಡಿ ಬಿದ್ದು ಹಳ್ಳ ಉಕ್ಕಿದರೆ ಯಾವ ಮನೆಗೆ ಎಷ್ಟು ನೀರು ನುಗ್ಗುತ್ತದೆ ಅಂತ ಜನರನ್ನೇ ಕೇಳಿ, ಅವರ ಗೋಡೆಗೆ ಕೆಂಪು ಗೆರೆ ಎಳೆಯಬೇಕು. ಅದಕ್ಕೂ ಎರಡು ವರ್ಷ ಮೊದಲು ನಾನೂ ಆ ಹಳ್ಳದ ಕೇರಿಯಲ್ಲೇ ಒಂದು ಹೆಂಚಿನ ಮನೆ ಕಟ್ಟಿಸಿದ್ದೆ; ಹಿಂದಿನ ಸಲ ಕೋಡಿ ಬಿದ್ದಾಗ ನಾನಿನ್ನೂ ಅಲ್ಲಿಗೆ ಬಂದಿರಲಿಲ್ಲ.

ನಮ್ಮ ಕಡೆ ನೀರನ್ನು ಅಳೆಯುವುದು ಅಡಿ ಲೆಕ್ಕದಲ್ಲಲ್ಲ, ಮೈ ಲೆಕ್ಕದಲ್ಲಿ. ಕೊಬ್ಬರಿ ವ್ಯಾಪಾರದ ಹೊನ್ನೇಗೌಡರು "ಎದೆಮಟ್ಟ ಬಂದಿತ್ತು ಕಣ್ರೀ" ಅಂದರು. ಅವರು ಆರಡಿ ಆಳು. ಯಾರ ಎದೆ ಅಂತ ಕೇಳಿದೆ. "ನಮ್ಮ ಹೆಂಗಸ್ರದು" ಅಂದರು. ಅವರನ್ನು ಕರೆಸಿ ಟೇಪು ಹಿಡಿಯುವ ಧೈರ್ಯ ನನಗಿರಲಿಲ್ಲ. ಟೈಲರಿಂಗ್ ಮಾಡುವ ಜರೀನಾಬಿ "ಮಷೀನೇ ಮುಳುಗಿತ್ತು ಸಾರ್" ಅಂದರು. ಎಲ್ಲಾ ಪರಿಹಾರದ ಆಸೆ ಅಂತ ಮನಸ್ಸಿನಲ್ಲೇ ಅರ್ಧ ಕಳೆದೆ.

ಅಷ್ಟರಲ್ಲಿ, ಗೆರೆ ಎತ್ತರ ಇರೋ ಮನೆಗಳನ್ನೆಲ್ಲ ಖಾಲಿ ಮಾಡಿಸ್ತಾರಂತೆ ಅಂತ ಯಾರೋ ಪುಕಾರು ಹಬ್ಬಿಸಿದರು. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಹೊನ್ನೇಗೌಡರ ನೀರು ಹಿಮ್ಮಡಿಗೆ ಇಳಿದಿತ್ತು.

"ಬೆಳಿಗ್ಗೆ ಎದೆಮಟ್ಟ ಅಂದ್ರಲ್ಲ ಗೌಡ್ರೇ?"

"ಅವಳು ಕೂತಿದ್ಲು ಬುಡಿ."

ಜರೀನಾಬಿ ಮಾತ್ರ ಮಾತು ಬದಲಿಸಲಿಲ್ಲ. "ಎಬ್ಬಿಸೋದಾದ್ರೆ ಎಬ್ಬಿಸ್ಲಿ. ಮುಳುಗಿದ್ದನ್ನ ಮುಳುಗಿಲ್ಲ ಅನ್ನಕ್ಕಾಗುತ್ತಾ?" ಇಷ್ಟು ನೆಟ್ಟಗೆ ಮಾತಾಡುವವರ ಮೇಲೆ ನನಗೆ ಇನ್ನೂ ಗುಮಾನಿ. ಗೋಡೆಯ ಸುಣ್ಣ ಕೆರೆದು ನೋಡಿದೆ. ಕಿಟಕಿಯ ಮಟ್ಟದಲ್ಲಿ ಕೆಸರಿನ ಕಲೆ ಹಾಗೇ ಇತ್ತು. ಅಲ್ಲಿಗೇ ಗೆರೆ ಎಳೆದೆ.

ಪಕ್ಕದ ಮನೆ ನನ್ನದು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಇರೋದೊಂದು ಮನೆ. ಕೈಯಾರೆ ಕಳ್ಕೊಬೇಡಿ" ಅಂದಳು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅತ್ತಿತ್ತ ನೋಡಿ, ಮೊದಲನೇ ಮೆಟ್ಟಿಲಿಗೆ ಗೆರೆ ಎಳೆದುಬಿಟ್ಟೆ.

"ಏನ್ ಸಾರ್," ಜರೀನಾಬಿ ಕಾಂಪೌಂಡಿನಾಚೆಯಿಂದ ಕೇಳಿದರು, "ನಮ್ಮನೆ ಕಿಟಕಿ ತನಕ ಬರೋ ನೀರು, ನಿಮ್ಮನೇಲಿ ಚಪ್ಪಲಿ ಬಿಟ್ಟು ಹೊರಗೇ ನಿಲ್ಲುತ್ತಾ?"

"ನಮ್ಮದು ಪಾಯ ಎತ್ತರ" ಅಂದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಪಟ್ಟಿ ಮೇಲಿನವರಿಗೆ ಹೋಯಿತು. ಯಾರನ್ನೂ ಎಬ್ಬಿಸಲಿಲ್ಲ, ಯಾರಿಗೂ ಪರಿಹಾರವೂ ಬರಲಿಲ್ಲ. ಮುಂದಿನ ಮಳೆಗಾಲದ ಒಂದು ಮಧ್ಯಾಹ್ನ ಯಾರೋ ಸೈಕಲ್ಲಿನಲ್ಲಿ "ಕೋಡಿ ಬಿತ್ತು!" ಅಂತ ಕೂಗಿಕೊಂಡು ಹೋದ. ಕೇರಿಯಲ್ಲಿ ತಾರಸಿ ಇದ್ದದ್ದು ಜರೀನಾಬಿ ಮನೆಗೆ ಮಾತ್ರ. ಅವರು ಗಾಬರಿಯಿಂದ ಹೊರಗೆ ಬಂದು ನೋಡಿದರೆ, ಅವರ ತಾರಸಿಯ ಮೆಟ್ಟಿಲ ಮೇಲೆ ಆಗಲೇ ನಾನಿದ್ದೆ. ತಲೆ ಮೇಲೆ ಹಾಸಿಗೆ, ಕಂಕುಳಲ್ಲಿ ಟೇಪ್ ರೆಕಾರ್ಡರ್, ಹಿಂದೆ ಹೆಂಡತಿ. ಅವರು ನನ್ನ ಮನೆ ಕಡೆಗೊಮ್ಮೆ ನೋಡಿದರು, ನನ್ನ ಕಡೆಗೊಮ್ಮೆ ನೋಡಿದರು. ಪಾಯದ ವಿಚಾರ ಎತ್ತಲಿಲ್ಲ. "ಹಾಸಿಗೆ ಇಟ್ಟು ಬನ್ನಿ ಸಾರ್, ಮಷೀನು ಮೇಲಕ್ಕೆ ಸಾಗ್ಸೋಕೆ ಒಂದು ಕೈ ಹಾಕಿ" ಅಂದರು.

ಸಂಜೆಯಾದರೂ ನೀರು ಬರಲೇ ಇಲ್ಲ. ಸೈಕಲ್ಲಿನವನು ಸುಮ್ಮನೆ ಪುಕಾರು ಹಬ್ಬಿಸಿದ್ದನಂತೆ. ಕೂಗು ಕೇಳಿದಾಗ ಕೇರಿಯ ಉಳಿದವರೆಲ್ಲ, ಮೊದಲು ಹೋಗಿ ಕೆರೆ ನೋಡಿಕೊಂಡು ಬರೋಣ ಅಂತ ಹೊರಟಿದ್ದರು. ಹುಟ್ಟಿದಾಗಿನಿಂದ ಯಾರ ಮಾತನ್ನೂ ನಂಬದ ನಾನೇ ಎಲ್ಲರಿಗಿಂತ ಮೊದಲು ಒಂದೇ ಕೂಗಿಗೆ ನಂಬಿದವನು.